ಗಾಳದ ಅಂಟು, ಆಪಾ ಬೆರಳು

ತರೀಕೆರೆಯ ನಮ್ಮ ಬೀದಿಯಲ್ಲಿ ಉಗುರಿಗೆ ಯಾವತ್ತೂ ಬಣ್ಣ ಹಚ್ಚದ ಹೆಂಗಸು ಎಂದರೆ ಅವರು. ಆದರೆ ಉಗುರು ಬಣ್ಣದ ಸೀಸೆಗಳು ಎಲ್ಲರ ಮನೆಗಿಂತ ಹೆಚ್ಚಾಗಿ ಇದ್ದದ್ದೂ ಅವರ ಮನೆಯಲ್ಲೇ. ಕಾಂಪೌಂಡಿನ ಪಕ್ಕ ನಿಂತು ಪೂಜೆಗೆ ಪತ್ರೆ ಕೊಯ್ಯುವಾಗ ಅವರ ಕಿಟಕಿಯಲ್ಲಿ ಸಾಲಾಗಿ ಕಾಣುತ್ತಿದ್ದವು. ಒಂದು ಸೋಮವಾರ ಎಣಿಸಿದೆ, ಹದಿನೇಳು. ಎಲ್ಲವೂ ನೀರಿನಂತೆ ಬಣ್ಣವಿಲ್ಲದವು. ಐದು ಹೊತ್ತಿನ ನಮಾಜು ತಪ್ಪಿಸದ, ಅರವತ್ತು ದಾಟಿದ ಹೆಂಗಸಿಗೆ ಇಷ್ಟು ಸೀಸೆ ಯಾಕೆ ಎಂದು ನಲ್ಲಿಯ ಹತ್ತಿರ ಆಡಿಕೊಂಡವರಲ್ಲಿ ನಾನೂ ಒಬ್ಬಳು. ಬರೆಯಲು ಕೂತ ಮೇಲೆ ಅದನ್ನು ಮುಚ್ಚಿಟ್ಟರೆ ಶಿವ ಮೆಚ್ಚುವುದಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಹಿಡಿದು ನಾನು ಕರೆದದ್ದೂ ಇಲ್ಲ. ನನಗಿಂತ ಹನ್ನೊಂದು ವರ್ಷ ದೊಡ್ಡವರು, ಹಾಗಾಗಿ ನಾನು ಆಪಾ ಎನ್ನುತ್ತಿದ್ದೆ. ಅವರ ಮನೆ ಮಾತಿನಲ್ಲಿ ಹಾಗೆಂದರೆ ಅಕ್ಕ. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಯಾರಿಗೆ ದೊಡ್ಡವರು ಎಂಬುದು ಹದಿನಾಲ್ಕು ವರ್ಷವಾದರೂ ತೀರ್ಮಾನವಾಗಲಿಲ್ಲ.

ಸೀಸೆಯ ವಿಷಯ ಕೊನೆಗೊಂದು ದಿನ ಕೇಳಿಯೇಬಿಟ್ಟೆ.

"ಆಪಾ, ತಪ್ಪು ತಿಳ್ಕೋಬೇಡಿ. ಅಷ್ಟೊಂದು ಸೀಸೆ ಯಾರಿಗೆ?"

"ನೊಣಕ್ಕೆ," ಅಂದರು.

"ಏನಕ್ಕೆ?"

"ನೊಣಕ್ಕೆ ಕಣಕ್ಕಾ. ಬನ್ನಿ ಒಳಗೆ. ಬೀದಿಯೋರೆಲ್ಲ ಕಿಟಕಿಯಿಂದ ನೋಡಿದ್ದಾಯ್ತು, ನೀವಾದ್ರೂ ಬಾಗಿಲಿಂದ ನೋಡಿ."

ನನ್ನ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೂ ಹೋದೆ.

ಹೊಲಿಗೆ ಮಿಷನ್ನಿನ ಪಕ್ಕ ಒಂದು ಮೇಜು. ಅದರ ಅಂಚಿಗೆ ವಾಚು ರಿಪೇರಿಯವರ ಬಳಿ ಇರುವಂಥ ಪುಟ್ಟ ವೈಸು, ಬಿಗಿದು ಹಿಡಿಯುವ ಇಕ್ಕಳ. ಅದರ ಬಾಯಲ್ಲಿ ಒಂದು ಗಾಳ. ಆ ಗಾಳಕ್ಕೆ ಕೋಳಿ ಗರಿ, ಮೇಕೆ ಕೂದಲು, ಜರಿ ಎಳೆ ಇಟ್ಟು ರೇಷ್ಮೆ ದಾರದಲ್ಲಿ ಸುತ್ತುತ್ತಿದ್ದರು. ನೋಡುನೋಡುತ್ತಿದ್ದಂತೆ ಅದು ನಿಜಕ್ಕೂ ನೊಣವೇ ಆಗಿ ಕೂತಿತು. ಇನ್ನೊಂದು ಜಾತಿಯವಕ್ಕೆ ಸೀಸದ ಗುಂಡು ತಲೆ. ಅವು ಜಿಗ್ಗು. ನೀರಿಗೆ ಬಿದ್ದರೆ ಪುಟ್ಟ ಮೀನಿನ ಹಾಗೆ ಕುಣಿಯುತ್ತವಂತೆ, ದೊಡ್ಡ ಮೀನು ನಂಬಿ ಕಚ್ಚುತ್ತದಂತೆ. ಭದ್ರಾ ಹಿನ್ನೀರಿಗೆ ಗಾಳ ಹಾಕಲು ಹವ್ಯಾಸಕ್ಕೆಂದು ಬರುವವರು, ಮಂಗಳೂರು ಮೈಸೂರು ಕಡೆಯವರು, ಫೋನಿನಲ್ಲಿ ಹೇಳಿ ಮಾಡಿಸಿಕೊಳ್ಳುತ್ತಿದ್ದರು.

ಕಲಿತದ್ದು ಗಂಡನಿಂದ ಎಂದರೆ ಅರ್ಧ ಸತ್ಯ. ಅವರ ಯಜಮಾನರಿಗೆ ಮೀನಿನ ಹುಚ್ಚು. ಎಲ್ಲಿಂದಲೋ ತಂದ ಒಂದು ಪರದೇಶದ ನೊಣವನ್ನು ಡಬ್ಬಿಯಲ್ಲಿಟ್ಟು ನೀರಿಗೇ ಹಾಕದೆ ನೋಡುತ್ತಿದ್ದರಂತೆ. ಚಿಕ್ಕಂದಿನಿಂದ ಜರಿ ಕಸೂತಿ ಮಾಡಿದ್ದ ಆಪಾ, ಅವರಿಲ್ಲದಾಗ ಅದನ್ನು ಎಳೆ ಎಳೆಯಾಗಿ ಬಿಚ್ಚಿದರು.

"ಬಿಚ್ಚೋಕೆ ಒಂದು ಮಧ್ಯಾಹ್ನ ಸಾಕಾಯ್ತು. ಮತ್ತೆ ಕಟ್ಟೋಕೆ ಒಂದು ವರ್ಷ ಆಯ್ತು. ಆ ವರ್ಷ ಪೂರ್ತಿ ಅವರು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ," ಎಂದು ನಗುತ್ತಿದ್ದರು.

ಅವರ ಒಂದು ಮಾತು ನನಗೆ ಈಗಲೂ ಅಡುಗೆ ಮನೆಯಲ್ಲಿ ನೆನಪಾಗುತ್ತದೆ: "ಕಟ್ಟೋದು ಕೈ, ಉಳಿಸೋದು ಅಂಟು." ಎಷ್ಟು ಚೆಂದ ಸುತ್ತಿದರೂ ಕೊನೆಯ ಗಂಟಿನ ಮೇಲೆ ಸರಿಯಾದ ಅಂಟು ಬೀಳದಿದ್ದರೆ ಎರಡನೆಯ ಮೀನಿಗೆ ಗರಿ ಒಂದು ಕಡೆ, ಗಾಳ ಒಂದು ಕಡೆ. ಅದಕ್ಕೇ ಅವರ ಕಿಟಕಿ ಒಂದು ಪರೀಕ್ಷೆಯ ಮನೆ. ಏಳೆಂಟು ಗಾಜಿನ ಲೋಟಗಳಲ್ಲಿ ಕೆರೆ ನೀರು. ಒಂದೊಂದರಲ್ಲಿ ಒಂದೊಂದು ಅಂಟು ಹಚ್ಚಿದ ನೊಣ ಮುಳುಗಿಸಿ ಇಡುತ್ತಿದ್ದರು. ದಿನಾ ಬೆಳಿಗ್ಗೆ ತೆಗೆದು ಉಗುರಲ್ಲಿ ಕೆರೆದು ನೋಡುವುದು. ಒಂದು ಕಂಪನಿಯ ಉಗುರು ಬಣ್ಣ ಮೂರೇ ದಿನಕ್ಕೆ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು, ಇನ್ನೊಂದು ತಿಂಗಳಾದರೂ ಜಗ್ಗುತ್ತಿರಲಿಲ್ಲ. ಬಾಗಿಲಿಗೆ ಹಚ್ಚುವ ವಾರ್ನಿಷು ಗಟ್ಟಿ, ಆದರೆ ಬಿಳಿ ಗರಿಗೆ ಅರಿಸಿನ ಬಳಿದಂತಾಗುತ್ತಿತ್ತು. ಥಟ್ಟನೆ ಅಂಟುವ ಗೋಂದು ಥಟ್ಟನೆ ಒಡೆಯುತ್ತಲೂ ಇತ್ತು. ಸೀಸದ ತಲೆಗೆ ಎಲ್ಲಕ್ಕಿಂತ ಮೇಲು, ಎರಡು ಟ್ಯೂಬಿನಿಂದ ಸಮಸಮ ಹಿಂಡಿ ಕಲಸುವ ಅಂಟು. ಗಾಜಿನ ಹಾಗೆ ಕೂರುತ್ತದೆ. ಆದರೆ ಅದು ಗಟ್ಟಿಯಾಗುವ ತನಕ ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಒಂದೇ ಕಡೆ ಜೋತುಬೀಳುತ್ತದೆ. ಒಬ್ಬರು ಹಚ್ಚಬೇಕು, ಒಬ್ಬರು ತಿರುಗಿಸಬೇಕು.

ಆಪಾ ಒಬ್ಬರೇ. ಸೊಸೆ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು, ಮಗ ದಿನಾ ಕಡೂರಿಗೆ ಕೆಲಸಕ್ಕೆ. ಹಾಗಾಗಿ ಒಡೆಯುತ್ತದೆ ಎಂದು ಗೊತ್ತಿದ್ದರೂ ಥಟ್ಟನೆ ಅಂಟುವುದನ್ನೇ ಕೆಳಗೆ ಹಾಕಿ ಮೇಲೆ ಉಗುರು ಬಣ್ಣ ಮೂರು ಸಲ ಹಚ್ಚುತ್ತಿದ್ದರು. ಆ ಗೋಂದಿನಿಂದಲೇ ತೊಂದರೆ ಶುರುವಾದದ್ದು.

ಅದು ಬೆರಳಿಗೂ ಹತ್ತುತ್ತದೆ. ನನಗಾಗಿದ್ದರೆ ಹತ್ತಿದರೆ ಹತ್ತಿತು, ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ ಎಂದು ರೊಟ್ಟಿ ತಟ್ಟುತ್ತಿದ್ದೆ. ಅವರಿಗೆ ಹಾಗಲ್ಲ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವಜೂ ಇದೆಯಲ್ಲ, ಅದರಲ್ಲಿ ನೀರು ಚರ್ಮಕ್ಕೇ ತಾಕಬೇಕು. ನಡುವೆ ಒಂದು ಪೊರೆ ಇದ್ದರೂ ತೊಳೆದಂತಲ್ಲ, ತೊಳೆಯದಿದ್ದರೆ ನಮಾಜು ನಮಾಜಲ್ಲ. ಉಗುರಿಗೆ ಬಣ್ಣ ಹಚ್ಚದೆ ಇದ್ದದ್ದೂ ಅದಕ್ಕೇ. ದಿನಕ್ಕೆ ಐದು ಸಲ ಹಿತ್ತಲಲ್ಲಿ ಕೂತು ಬೆರಳ ತುದಿಯನ್ನು ಹಿಮ್ಮಡಿ ಉಜ್ಜುವ ಕಲ್ಲಿನಿಂದ ತಿಕ್ಕುತ್ತಿದ್ದರು. ಉಗುರು ಬಣ್ಣ ತೆಗೆಯುವ ದ್ರವ ಒಡೆದ ಚರ್ಮಕ್ಕೆ ಬೆಂಕಿಯಂತೆ ಉರಿಯುತ್ತದೆಂದು ಅದನ್ನು ಬಿಟ್ಟಿದ್ದರು. ಹೋಗದಿದ್ದರೆ ಬ್ಲೇಡು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಬಲಗೈಯ ಎರಡು ಬೆರಳು ಒಡೆದು ಕೀವಾಗಿ, ಕಡೂರಿನ ಡಾಕ್ಟರು ಗಟ್ಟಿಯಾಗಿಯೇ ಹೇಳಿದರು: ಇನ್ನೊಂದು ಸಲ ಹೀಗೆ ಕೆರೆದರೆ ಬೆರಳು ಉಳಿಯೋದಿಲ್ಲ.

"ಕೈಗೆ ಗ್ಲೌಸ್ ಹಾಕ್ಕೊಳ್ಳಿ ಆಪಾ."

"ಹಾಕಿ ನೋಡಿದೆ. ದಾರ ಎಷ್ಟು ಬಿಗಿ ಇದೆ ಅಂತ ಗೊತ್ತೇ ಆಗಲ್ಲ. ಮುಸುಕು ಹಾಕ್ಕೊಂಡು ಉಪ್ಪು ನೋಡಿದಂಗೆ."

"ನಿಮ್ಮ ಗುರುಗಳನ್ನ ಕೇಳಿದ್ರಾ?"

"ಕೇಳಿದೆ. ಕಸುಬಿನವರಿಗೆ, ತೆಗೆಯೋ ಅಷ್ಟು ತೆಗೆದ ಮೇಲೆ ಉಳಿದದ್ದು ಮಾಫ್ ಅಂದ್ರು." ಒಡೆದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ, "ಅವರು ಮಾಫ್ ಅಂದ್ರು ಅಕ್ಕಾ. ನನ್ನ ಮನಸ್ಸು ಅನ್ನಲಿಲ್ಲ," ಎಂದರು.

ಕೆಲಸ ಬಿಟ್ಟುಬಿಡಿ ಎಂದು ಬಾಯಿಗೆ ಬಂದಿತ್ತು. ಕಸೂತಿಗೆ ಈಗ ಕಂಪ್ಯೂಟರ್ ಮಿಷನ್ ಬಂದು ಕೈಕೆಲಸ ಕೇಳುವವರಿಲ್ಲ. ಆ ಕೈಗೆ ಉಳಿದಿದ್ದ ಒಂದೇ ಕೆಲಸ ಇದು. ಕೈ ಸುಮ್ಮನಿದ್ದರೆ ಅವರು ಹೇಗಿರುತ್ತಾರೆ ಎಂದು ಗಂಡ ತೀರಿಕೊಂಡ ವರ್ಷ ನೋಡಿದ್ದೆ. ಹಾಗಾಗಿ ಬಾಯಿಂದ ಬಂದದ್ದು ಬೇರೆ ಮಾತು:

"ಅಂಟಿನ ಕೆಲಸ ನಾನು ಮಾಡ್ಕೊಡ್ತೀನಿ. ಒಣ ಕೆಲಸ ನಿಮ್ಮದು, ಹಸಿ ಕೆಲಸ ನಂದು."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅಜ್ಜಂಪುರದ ತವರಲ್ಲೂ ಇಲ್ಲೂ ಮೊಟ್ಟೆ ಒಳಗೆ ಬಂದ ಮನೆ ನಮ್ಮದಲ್ಲ. ಕೊರಳಲ್ಲಿ ಲಿಂಗ. ಅಂಥವಳು ಗಾಳಕ್ಕೆ ಅಂಟು ಹಚ್ಚುವುದೆಂದರೆ?

ಆಪಾ ನನ್ನ ಮುಖ ಓದಿಬಿಟ್ಟರು. "ನಕ್ಕೋ ಅಕ್ಕಾ, ಬೇಡ. ನಿಮ್ಮ ಧರ್ಮ ನಿಮಗೆ."

"ಹಿಡಿದ ಮೀನನ್ನ ಅವರು ತಿಂತಾರಾ?"

"ಸುಮಾರು ಜನ ಫೋಟೋ ತೆಕ್ಕೊಂಡು ಮತ್ತೆ ನೀರಿಗೆ ಬಿಟ್ಬಿಡ್ತಾರಂತೆ."

"ಬಿಡೋದಾದ್ರೆ ಹಿಡಿಯೋದು ಯಾಕೆ?"

"ಅದು ನನಗೂ ಅರ್ಥ ಆಗಿಲ್ಲ. ಕೇಳಿದ್ರೆ ಆರ್ಡರ್ ಹೋಗ್ತದೆ ಅಂತ ಸುಮ್ನಿದೀನಿ."

ಮೀನು ಬದುಕುತ್ತದೆ ಎಂಬ ಆ ಒಂದು ಎಳೆ ಹಿಡಿದುಕೊಂಡು ಒಪ್ಪಿಕೊಂಡೆ. ನಮ್ಮನೆಯವರು ಊಟಕ್ಕೆ ಕೂತಾಗ ಹೇಳಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಏನೇ, ಬೆಳಿಗ್ಗೆ ಶಿವನಿಗೆ ಅಭಿಷೇಕ, ಮಧ್ಯಾಹ್ನ ಮೀನಿಗೆ ಮೋಸವಾ?" ಅಂದರು. ಆಮೇಲೆ ಬೇಡ ಅನ್ನಲಿಲ್ಲ. ಅದು ನನ್ನ ಪುಣ್ಯ.

ಮೊದಲ ದಿನ ಸೂಜಿಯ ತುದಿಯಲ್ಲಿ ಹನಿ ಎತ್ತಿ ಹನ್ನೆರಡಕ್ಕೂ ಮನಸ್ಸಿಟ್ಟು ಹಚ್ಚಿದೆ. ಥಳಥಳ ಎನ್ನುತ್ತಿದ್ದವು. ಆಪಾ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಯಾಕೆ?"

"ದಾರ ಕಟ್ಟೋ ತೂತು ಎಲ್ಲಿ ಅಕ್ಕಾ? ಹನ್ನೆರಡಕ್ಕೂ ಕಣ್ಣು ಮುಚ್ಚಿಬಿಟ್ರಲ್ಲ. ಹೋಗ್ಲಿ ಬಿಡಿ, ಹನ್ನೆರಡು ಮೀನಿನ ಜೀವ ಉಳಿಸಿದ್ರಿ."

ಆಮೇಲೆ ಕೈ ಕೂತಿತು. ಎರಡು ಟ್ಯೂಬಿನ ಅಂಟನ್ನು ನಾನು ಕಲಸಿ ಹಚ್ಚುವುದು, ಅವರು ಜಿಗ್ಗು ಚುಚ್ಚಿದ ಕಡ್ಡಿಯನ್ನು ಒಂದೇ ಸಮ ತಿರುಗಿಸುವುದು. ತಿರುಗಿಸುತ್ತಾ ತುಟಿ ಅಲ್ಲಾಡುತ್ತಿತ್ತು, ಅವರ ಜಪ ಅವರದು. ನನ್ನ ಬಾಯಲ್ಲಿ ಪಂಚಾಕ್ಷರಿ. ಧೂಳು ಕೂರುತ್ತದೆಂದು ಫ್ಯಾನು ಹಾಕುತ್ತಿರಲಿಲ್ಲ. ಇಬ್ಬರೂ ಬೆವರುತ್ತಿದ್ದೆವು. ಎರಡು ತಿಂಗಳಿಗೆ ಅವರ ಬೆರಳು ಮಾಯಿತು. ಒಂದು ಮಧ್ಯಾಹ್ನ ವಜೂ ಮಾಡಿ ಬಂದು, ಒದ್ದೆ ಕೈಯನ್ನೇ ನನ್ನ ಮುಂದೆ ಚಾಚಿ ಹತ್ತೂ ಬೆರಳು ತೋರಿಸಿದರು. ಹಲ್ಲು ಬಿದ್ದು ಹೊಸದು ಬಂದ ಮಗುವಿನ ಹಾಗೆ. ನನ್ನ ಜೀವನದಲ್ಲಿ ಯಾರಿಗಾದರೂ ಒಂದು ಉಪಕಾರ ಮಾಡಿದ್ದೇನೆ ಎಂದು ಅನಿಸಿದ್ದು ಆವತ್ತೇ.

ಹೀಗೇ ಮೂರು ವರ್ಷ ನಡೆಯಿತು.

ಈ ಆಷಾಢದಲ್ಲಿ ಮಂಗಳೂರಿನ ಗಿರಾಕಿಯೊಬ್ಬರು ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದರು. ಆಪಾ ನನಗೂ ಕೇಳಿಸಿದರು. "ಅಮ್ಮ, ಹೋದ ಸಲ ಕಳಿಸಿದ ಜಿಗ್ಗಲ್ಲಿ ಕೆಲವಕ್ಕೆ ತಲೆ ಮೇಲೆ ಬೂದು ಚುಕ್ಕೆ ಇತ್ತಲ್ಲ, ಅದಕ್ಕೆ ಮೀನು ಮುಗಿಬೀಳ್ತವೆ. ಏನು ಪೌಡರ್ ಅದು? ಅದೇ ಹಾಕಿ ಇನ್ನೆರಡು ಡಜನ್ ಮಾಡಿಕೊಡಿ. ನಮ್ಮನೇಲಿ ಈ ವಾರ ಮೀನಿನ ಹಬ್ಬ."

ಇಬ್ಬರಿಗೂ ಅರ್ಥವಾಗಲಿಲ್ಲ. ಯಾವ ಪೌಡರು? ಉಳಿದಿದ್ದ ಒಂದು ಜಿಗ್ಗನ್ನು ಕಿಟಕಿಗೆ ಹಿಡಿದು ನೋಡಿದೆವು. ಗಾಜಿನಂಥ ಅಂಟಿನೊಳಗೆ ಸಣ್ಣ ಸಣ್ಣ ಬೂದು ಕಣಗಳು. ಆಪಾ ಅದನ್ನು ನೋಡಿದರು, ನನ್ನ ಹಣೆ ನೋಡಿದರು, ತಟ್ಟನೆ ಕಣ್ಣು ತಗ್ಗಿಸಿದರು.

ವಿಭೂತಿ. ಪೂಜೆ ಮುಗಿಸಿ ಹಣೆ ತುಂಬ ಧರಿಸಿ ನೇರ ಇಲ್ಲಿಗೆ ಬರುತ್ತಿದ್ದವಳು, ಹಸಿ ಅಂಟಿನ ಮೇಲೆ ಬಗ್ಗಿ ಕೂರುತ್ತಿದ್ದೆ.

ಯಾವ ಭಸ್ಮ ಕಾಯುತ್ತದೆ ಎಂದು ಧರಿಸಿದ್ದೆನೋ ಅದನ್ನು ನಂಬಿ ಮೀನು ಗಂಟಲಿಗೆ ಗಾಳ ಹಾಕಿಕೊಂಡಿವೆ. ಅವರು ಬಿಟ್ಟೂ ಇಲ್ಲ, ತಿಂದಿದ್ದಾರೆ. ಆಪಾ ಆ ಗಿರಾಕಿಗೆ ಫೋನು ಮಾಡಿ, "ಆ ಪೌಡರ್ ಈಗ ಸಿಗಲ್ಲ ಸರ್, ಇನ್ಮೇಲೂ ಸಿಗಲ್ಲ," ಎಂದು ಹೇಳಿ ಫೋನಿಟ್ಟರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇದು ಶಿವನ ಎಚ್ಚರಿಕೆಯೋ, ನನ್ನ ಅಜಾಗ್ರತೆಯೋ? ಎರಡು ರಾತ್ರಿ ಯೋಚಿಸಿ ಒಂದು ನಿರ್ಧಾರ ಮಾಡಿದೆ.

"ಆಪಾ, ಶ್ರಾವಣ ಒಂದು ತಿಂಗಳು ನಾನು ಗಾಳ ಮುಟ್ಟಲ್ಲ. ವ್ರತ ಹಿಡಿದಿದೀನಿ. ಅಲ್ಲಿ ತನಕ ನೀವೂ ಅಂಟು ಮುಟ್ಟಬೇಡಿ. ಬರೀ ಕಟ್ಟಿಡಿ. ಮುಗಿದ ಮಾರನೇ ದಿನ ಬಂದು ಎಲ್ಲ ಹಚ್ಚಿಕೊಡ್ತೀನಿ."

"ನಮ್ಮ ರೋಜಾ ಉಪವಾಸ ಇದ್ದಂಗೆ ಅನ್ನಿ," ಅಂದರು. "ಹಿಡೀರಿ ಅಕ್ಕಾ. ನನ್ನ ಕೆಲಸಕ್ಕೆ ನಿಮ್ಮ ದೇವರು ಮುನಿಸ್ಕೋಬಾರದು."

"ಅಂಟು ಮುಟ್ಟಲ್ಲ ಅಂತ ಹೇಳಿ."

"ಹೌ ಹೌ. ನೀವು ಹೋಗಿ, ಹಾಲು ಉಕ್ಕೀತು."

ಮುಟ್ಟಲ್ಲ ಎಂದು ಅವರು ಹೇಳಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಶ್ರಾವಣದ ಎರಡನೆಯ ವಾರ ಪತ್ರೆ ಕೊಯ್ಯುವಾಗ ಹಿತ್ತಲಿನಿಂದ ಕಲ್ಲಿಗೆ ಚರ್ಮ ತಿಕ್ಕುವ ಸದ್ದು ಕೇಳಿದೆ. ಆ ಸದ್ದು ಮೂರು ವರ್ಷದಿಂದ ಕೇಳಿರಲಿಲ್ಲ. "ಆಪಾ?" ಎಂದೆ. ಸದ್ದು ನಿಂತಿತು. "ಪಾತ್ರೆ ತಳ ಸೀದಿತ್ತು ಅಕ್ಕಾ," ಎಂದರು ಗೋಡೆಯ ಆಚೆಯಿಂದ. ನನಗೆ ಗೊತ್ತಿತ್ತು. ಆರ್ಡರು ಕಾಯುವುದಿಲ್ಲ ಎಂದು ಮತ್ತೆ ಒಬ್ಬರೇ ಆ ಗೋಂದು ಹಿಡಿದಿದ್ದಾರೆ. ಗೊತ್ತಿದ್ದೂ ಪತ್ರೆ ಬುಟ್ಟಿ ಹಿಡಿದು ಒಳಗೆ ಬಂದೆ. ವ್ರತ ಇನ್ನೂ ಎರಡು ವಾರ ಇತ್ತು. ಗೋಡೆ ದಾಟಿ ಹೋಗಿ ಆ ಗೋಂದು ಕಸಿದುಕೊಂಡಿದ್ದರೆ ಶಿವ ಏನು ಮಾಡುತ್ತಿದ್ದ?

ಮೂರನೆಯ ಸೋಮವಾರ ಬೆಳಿಗ್ಗೆ, ನಾನು ಸ್ನಾನ ಮಾಡಿ ಲಿಂಗ ಕೈಗೆ ತೆಗೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಅವರ ಸೊಸೆ ಗೋಡೆಯ ಬಳಿ ಬಂದು ಕೂಗಿದಳು. ಬೆಳಗಿನ ನಮಾಜು ಮುಗಿಸಿ ಚಾಪೆಯ ಮೇಲೆ ಕೂತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಡಾಕ್ಟರು ಬರುವುದರೊಳಗೆ ಮುಗಿದಿತ್ತು. ನರಳಲಿಲ್ಲ, ಆಸ್ಪತ್ರೆಯ ಪಾಲಾಗಲಿಲ್ಲ. ಮೇಲಿನವನು ಅಷ್ಟು ದಯೆ ಮಾಡಿದ.

ಹತ್ತು ಗಂಟೆಯ ಹೊತ್ತಿಗೆ ಸೊಸೆ ಮತ್ತೆ ಬಂದಳು. ಕಣ್ಣು ಊದಿತ್ತು.

"ಆಂಟಿ, ಸ್ವಲ್ಪ ಬನ್ನಿ. ಸ್ನಾನ ಮಾಡ್ಸೋಕೆ ಹೆಂಗಸರು ಬಂದಿದಾರೆ. ಅಮ್ಮೀ ಕೈ ನೋಡಿ ನಿಂತ್ಬಿಟ್ರು. ಬೆರಳಿಗೆಲ್ಲ ಅಂಟು. ಅದು ಇದ್ರೆ ನೀರು ತಾಕಲ್ಲ, ಕೊನೇ ಸ್ನಾನ ಆಗಲ್ಲ ಅಂತಿದಾರೆ. ಅದನ್ನ ತೆಗೆಯೋದು ನಿಮಗೆ ಗೊತ್ತಲ್ವಾ?"

ನನಗೆ ಗೊತ್ತಿತ್ತು. ಉಗುರು ಬಣ್ಣ ತೆಗೆಯುವ ದ್ರವ ನನ್ನ ಮಗಳ ಬೀರುವಿನಲ್ಲಿತ್ತು. ಹತ್ತಿ ದೇವರ ಮನೆಯಲ್ಲಿತ್ತು, ಬತ್ತಿಗೆಂದು ಇಟ್ಟದ್ದು. ಎರಡನ್ನೂ ತೆಗೆದುಕೊಂಡು ಹೊರಟೆ. ಲಿಂಗ ಧರಿಸಿದವರಿಗೆ ಸೂತಕವಿಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಆದರೆ ಅದೇ ತಾಯಿ ಸಾವಿನ ಮನೆಯಿಂದ ಬಂದರೆ ಹಿತ್ತಲಲ್ಲೇ ನಿಂತು ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದರು. ಯಾವುದು ಸರಿ ಎಂದು ಆವತ್ತು ಕೇಳುವ ಹೊತ್ತಾಗಿರಲಿಲ್ಲ.

ಪರದೆಯ ಒಳಗೆ ಮಲಗಿಸಿದ್ದರು. ಮೈ ತುಂಬ ಬಿಳಿ ಬಟ್ಟೆ, ಬಲಗೈ ಮಾತ್ರ ಹೊರಗೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಒಂದರ ಮೇಲೊಂದು ಪದರ ಕೂತು ಮಂಜು ಕವಿದ ಗಾಜಿನ ಹಾಗಿದ್ದವು. ಅಂಚಿನಲ್ಲಿ ಕೆರೆದ ಕೆಂಪು. ಬೆಳಗಿನ ವಜೂಗೂ ಕೆರೆದಿದ್ದಾರೆ, ಪೂರ್ತಿ ಬಂದಿಲ್ಲ. ಹಾಗಾದರೆ ಆ ಕೊನೆಯ ನಮಾಜು?

ಹತ್ತಿ ಒದ್ದೆ ಮಾಡಿ ಒತ್ತಿ ಹಿಡಿದೆ. ಮೆತ್ತಗಾದದ್ದನ್ನು ಉಗುರಿನಿಂದ ಸುಲಿಯತೊಡಗಿದೆ. ಗಾಬರಿಗೆ ಕೈ ಜೋರಾಗಿರಬೇಕು. ಸ್ನಾನ ಮಾಡಿಸಲು ಬಂದಿದ್ದ ಮುದುಕಿ ನನ್ನ ಮಣಿಕಟ್ಟು ಹಿಡಿದರು.

"ಮೆಲ್ಲಗೆ ಬೇಟಾ, ಮೆಲ್ಲಗೆ. ನೋಯ್ತದೆ ಅವಳಿಗೆ."

ಜೀವ ಹೋದವರಿಗೂ ನೋವಾಗುತ್ತದೆ ಎಂದು ಅವರಲ್ಲಿ ನಂಬಿಕೆಯಂತೆ. ತೆಗೆಯಬೇಕು, ಆದರೆ ನೋಯಿಸಬಾರದು. ನನಗೆ ಅಳು ಬಂತು. ಮತ್ತೆ ಹತ್ತಿ ಒದ್ದೆ ಮಾಡಿದೆ, ಕಾದೆ. ಎಷ್ಟು ಹೊತ್ತು ಎಂದು ತಿಳಿಯದು. ತೋರುಬೆರಳು ಬಿಟ್ಟಿತು. ನಡುಬೆರಳು ಬಿಟ್ಟಿತು. ಅದರ ಕೆಳಗೆ ಚರ್ಮ ಬೆಳ್ಳಗೆ, ನೀರಲ್ಲಿ ನೆನೆದಂತೆ ಇತ್ತು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಮಾತ್ರ ಎಳ್ಳಿನಷ್ಟು ಉಳಿಯಿತು. ಏನು ಮಾಡಿದರೂ ಬಾರದು. ಹೊರಗೆ ಗಂಡಸರು ಕಾಯುತ್ತಿದ್ದರು. ಮಣ್ಣು ಮಾಡುವುದು ತಡವಾಗಬಾರದು ಎಂದು ಯಾರೋ ಎರಡು ಸಲ ಕೆಮ್ಮಿದರು.

"ಇಷ್ಟು ಉಳೀತಮ್ಮ," ಎಂದೆ. "ನನ್ನ ಕೈಲಿ ಆಗ್ತಿಲ್ಲ. ಈಗ ಹೆಂಗೆ?"

ಮುದುಕಿ ಆ ಹೆಬ್ಬೆರಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ತಮ್ಮ ಬೆರಳಿಂದ ಒಂದು ಸಲ ಸವರಿದರು.

"ನೀರು ಹಾಕ್ತೀವಿ," ಅಂದರು. "ಹೋದಷ್ಟು ದೂರ ಹೋಗ್ತದೆ."

ನಾನು ಎದ್ದು ಹೊರಗೆ ಬಂದೆ. ಪರದೆಯ ಹಿಂದೆ ನೀರು ಬೀಳುವ ಸದ್ದು ಶುರುವಾಯಿತು.

ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡು ದೇವರ ಮುಂದೆ ಕೂತೆ. ವ್ರತ ಹಿಡಿದದ್ದಕ್ಕೆ ಅವರ ದೇವರಲ್ಲಿ ಕ್ಷಮೆ ಕೇಳಲೋ, ಹಿಡಿದ ಮೇಲೂ ಮನಸ್ಸೆಲ್ಲ ಗೋಡೆಯಾಚೆ ಇಟ್ಟದ್ದಕ್ಕೆ ನನ್ನ ದೇವರಲ್ಲಿ ಕೇಳಲೋ? ಲಿಂಗವನ್ನು ಎಡಗೈಯಲ್ಲಿಟ್ಟು ಬಲಗೈಯಿಂದ ನೀರು ಬಿಟ್ಟೆ. ನೀರು ಹರಿಯುವುದು ಕಾಣಿಸಿತು, ಬೆರಳಿಗೆ ತಿಳಿಯಲಿಲ್ಲ. ನೋಡಿದರೆ ಅವರ ಬೆರಳಿನಿಂದ ಕರಗಿ ಬಂದ ಅಂಟು ನನ್ನ ಮೂರೂ ಬೆರಳ ತುದಿಗೆ ತೆಳ್ಳಗೆ ಹತ್ತಿ ಒಣಗಿತ್ತು.

ನಮ್ಮಲ್ಲಿ ಅದಕ್ಕೆ ನಿಯಮವಿಲ್ಲ. ಅಂಟು ಇದ್ದರೂ ಪೂಜೆ ಸಲ್ಲುತ್ತದೆ. ಸೀಸೆಯಲ್ಲಿ ದ್ರವ ಇನ್ನೂ ಅರ್ಧ ಇತ್ತು. ತೆಗೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳುವುದು ಸರಿಯೋ ಎಂದೂ ತಿಳಿಯಲಿಲ್ಲ. ಹಾಗೇ ಅಕ್ಕಿ ತೊಳೆದೆ, ಹಾಗೇ ರೊಟ್ಟಿ ತಟ್ಟಿದೆ, ಹಾಗೇ ದಿನಾ ಪೂಜೆಗೆ ಕೂತೆ. ಯಾವತ್ತೋ ಒಂದು ದಿನ ನೀರು ಬಿಟ್ಟಾಗ ತಣ್ಣಗೆ ತಾಕಿತು. ಆ ಪೊರೆ ಯಾವಾಗ ಹೋಗಿತ್ತೋ, ಯಾವ ಪಾತ್ರೆಯ ನೀರಿನೊಂದಿಗೆ ಹೋಗಿತ್ತೋ, ನನಗೆ ಗೊತ್ತಾಗಲೇ ಇಲ್ಲ.